ಸೈಕಲ್ಲಿಗೆ ಗಾಡಿ ಗುದ್ದಿದರೆ ಪರಿಹಾರ ಕೇಳುವುದು ಹೇಗೆ?



ಈ ಪಾಠವನ್ನು ಸಭೆಯಲ್ಲಿ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿಸಿಕೊಂಡರೆ ಒಳ್ಳೆಯದು. ಗಂಡಸರು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಇಲ್ಲಿ ಹೇಳಿರುವುದು ರಸ್ತೆಯಲ್ಲಿ ಬಿದ್ದ ಹೊತ್ತಿನಲ್ಲೇ ನೆನಪಿಗೆ ಬರಬೇಕಾದ ವಿಷಯ. ಮನೆಗೆ ಹೋಗಿ ಕಾಗದ ಹುಡುಕುವಷ್ಟರಲ್ಲಿ ಗುದ್ದಿದ ಗಾಡಿ ಊರು ದಾಟಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ರೈತ ಬೆಳಗ್ಗೆ ಆರು ಗಂಟೆಗೆ ಸೈಕಲ್ಲಿನ ಕ್ಯಾರಿಯರ್‌ಗೆ ಹತ್ತು ಲೀಟರ್ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಿದ್ದಾನೆ. ಹಿಂದಿನಿಂದ ಬಂದ ಸರಕು ಆಟೋ ತಿರುವಿನಲ್ಲಿ ಸೈಕಲ್ಲಿಗೆ ತಾಗಿತು. ಮನುಷ್ಯ ಪಕ್ಕದ ಹುಲ್ಲಿನ ಮೇಲೆ ಬಿದ್ದ, ಮೊಣಕೈ ತರಚಿತು ಅಷ್ಟೆ. ಹಾಲು ಪೂರಾ ಚೆಲ್ಲಿತು. ಡ್ರೈವರ್ ಇಳಿದು ಬಂದ. "ಏನೂ ಆಗಿಲ್ವಲ್ಲ ಅಣ್ಣ? ದೇವರು ದೊಡ್ಡವನು. ತಗೋ, ಬೆಂಡ್ ತೆಗೆಸ್ಕೋ" ಅಂತ ಇನ್ನೂರು ರೂಪಾಯಿ ಕೈಯಲ್ಲಿಟ್ಟು, ಒಂದು ಫೋನ್ ನಂಬರು ಹೇಳಿ ಹೋದ. ಸಂಜೆ ಸೈಕಲ್ ಶಾಪಿನವನು ನೋಡಿ ಹೇಳಿದ್ದು ಬೇರೆ: ಮುಂದಿನ ಫೋರ್ಕು ಬೆಂಡಾಗಿದೆ, ಹಿಂದಿನ ರಿಮ್ಮು ಎಂಟರ ಆಕಾರಕ್ಕೆ ಬಂದಿದೆ, ಫ್ರೇಮಿನ ಬೆಸುಗೆ ಬಿಟ್ಟಿದೆ, ಎಲ್ಲಾ ಸೇರಿ 3,400 ರೂಪಾಯಿ. ಆ ಫೋನ್ ನಂಬರು ಹತ್ತಲೇ ಇಲ್ಲ.

ಇಂಥ ಮಾತು ನಮ್ಮ ಎಷ್ಟೋ ಮನೆಗಳಲ್ಲಿ "ಹೋಗ್ಲಿ ಬಿಡಿ, ಜೀವ ಉಳೀತಲ್ಲ" ಎಂಬಲ್ಲಿಗೆ ಮುಗಿಯುತ್ತದೆ. ಜೀವ ಉಳಿದದ್ದು ನಿಜ, ಸಂತೋಷ. ಆದರೆ ಆ ಸೈಕಲ್ಲೇ ಆತನ ದಿನದ ದುಡಿಮೆ. ಹನ್ನೆರಡು ದಿನ ಸೈಕಲ್ ಇಲ್ಲದೆ ಡೈರಿಗೆ ಆಟೋದಲ್ಲಿ ಹೋಗಿ ಬಂದರೆ ಹಾಲಿನ ಲಾಭ ಆಟೋಗೇ ಹೋಗುತ್ತದೆ. ಕಾರಿನವರ ಬಂಪರ್‌ಗೆ ಗೀರು ಬಿದ್ದರೆ ರಸ್ತೆ ಮಧ್ಯೆಯೇ ಲೆಕ್ಕ ಶುರುವಾಗುತ್ತದೆ. ಸೈಕಲ್ಲಿನವರಿಗೂ ಅದೇ ಕಾನೂನು ಇದೆ ಎಂಬುದು ನಮಗೆ ಗೊತ್ತಿರಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗೆ ಇಳಿಯುವ ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ ವಿಮೆ ಇರಲೇಬೇಕು. ಜನ ಇದನ್ನು 'ಥರ್ಡ್ ಪಾರ್ಟಿ ಇನ್ಶೂರೆನ್ಸ್' ಅನ್ನುತ್ತಾರೆ. ಗಾಡಿ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು, ಆ ಗಾಡಿಯಿಂದ ನಷ್ಟಕ್ಕೆ ಒಳಗಾದ ಹೊರಗಿನವರು ಮೂರನೆಯವರು. ಅಂದರೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ನೀವು. ಈ ವಿಮೆ ಜೀವಕ್ಕೆ ಮತ್ತು ಗಾಯಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೂರನೆಯವರ ಆಸ್ತಿಗೆ ಆದ ಹಾನಿಯೂ ಅದರಲ್ಲಿ ಸೇರಿದೆ. ಗೋಡೆ, ಅಂಗಡಿಯ ಮುಂಗಟ್ಟು, ಕಟ್ಟಿದ ಎತ್ತು, ಸೈಕಲ್ಲು, ಎಲ್ಲವೂ ಆಸ್ತಿಯೇ.

ಇದೇ ಕಾಯ್ದೆಯ 166ನೇ ಕಲಮಿನಲ್ಲಿ ಪರಿಹಾರಕ್ಕೆ ಯಾರು ಅರ್ಜಿ ಹಾಕಬಹುದು ಎಂದು ಹೇಳುವಾಗ ಗಾಯಗೊಂಡವರ ಹೆಸರಿನ ಜೊತೆಗೇ 'ಆಸ್ತಿಯ ಮಾಲೀಕ' ಎಂದೂ ಬರೆದಿದೆ. ಮೈಗೆ ಒಂದು ಗೀರೂ ಆಗದೆ ಸೈಕಲ್ ಮಾತ್ರ ನಜ್ಜುಗುಜ್ಜಾದರೂ ನೀವು ಅರ್ಜಿದಾರರೇ.

ಡ್ರೈವರನ ಜವಾಬ್ದಾರಿಯನ್ನು 134ನೇ ಕಲಮು ಹೇಳುತ್ತದೆ. ಗಾಯವಾಗಿದ್ದರೆ ಆತ ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ವಿಷಯ ತಿಳಿಸಬೇಕು, ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಆಸ್ತಿಗೆ ಮಾತ್ರ ಹಾನಿಯಾದಾಗಲೂ ಠಾಣೆಗೆ ತಿಳಿಸುವ ಕರ್ತವ್ಯ ತಪ್ಪುವುದಿಲ್ಲ. ಇನ್ನೂರು ರೂಪಾಯಿ ಕೊಟ್ಟು ಹೋಗುವುದು ಈ ಕಲಮಿನಲ್ಲಿ ಎಲ್ಲೂ ಇಲ್ಲ!

ಬಿದ್ದ ಜಾಗದಲ್ಲಿ ಮಾಡಬೇಕಾದ್ದು

ಮೊದಲು ಮೈ ನೋಡಿಕೊಳ್ಳಿ. ತಲೆಗೆ ಪೆಟ್ಟಾಗಿದ್ದರೆ, ವಾಂತಿ ಬಂದರೆ ಸೈಕಲ್ಲಿನ ಯೋಚನೆ ಬಿಟ್ಟು 108 ಅಥವಾ 112ಕ್ಕೆ ಫೋನ್ ಮಾಡಿಸಿ. ಆ ಹೊತ್ತಿಗೆ ನೋವು ಗೊತ್ತಾಗದೆ ಸಂಜೆ ಊತ ಬರುವುದು ಸಾಮಾನ್ಯ. ಆದ್ದರಿಂದ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರಸ್ತೆ ಅಪಘಾತದಿಂದ ಆದದ್ದು ಎಂದು ಚೀಟಿಯಲ್ಲಿ ಬರೆಸಿ.

ಆಮೇಲೆ ಗಾಡಿಯ ನಂಬರು. ಇದೊಂದು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ. ಡ್ರೈವರ್ ಹೇಳುವ ಫೋನ್ ನಂಬರನ್ನು ನಂಬಬೇಡಿ, ಅವನೆದುರಿಗೇ ಒಂದು ಸಲ ಕರೆ ಮಾಡಿ, ಅವನ ಜೇಬಿನಲ್ಲಿ ಗಂಟೆ ಬಾರಿಸಲಿ. ಮೊಬೈಲ್ ಇದ್ದರೆ ಗಾಡಿಯ ನಂಬರ್ ಪ್ಲೇಟ್ ಕಾಣುವಂತೆ, ಬಿದ್ದ ಸೈಕಲ್ ಕಾಣುವಂತೆ, ರಸ್ತೆಯ ಅಂಚು, ತಿರುವು, ಚೆಲ್ಲಿದ ಹಾಲು ಕಾಣುವಂತೆ ಫೋಟೋ ತೆಗೆಯಿರಿ. ಇಲ್ಲದಿದ್ದರೆ ನಂಬರನ್ನು ಕೈಮೇಲೇ ಬರೆದುಕೊಳ್ಳಿ, ಅಲ್ಲಿದ್ದವರ ಬಾಯಲ್ಲಿ ಹೇಳಿಸಿ. ಕಂಡವರಲ್ಲಿ ಇಬ್ಬರ ಹೆಸರು, ಊರು ಕೇಳಿಟ್ಟುಕೊಳ್ಳಿ. ಹತ್ತಿರದ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಕ್ಯಾಮೆರಾ ಇದ್ದರೆ ಅದನ್ನೂ ಗಮನಿಸಿ. ಅದರಲ್ಲಿನ ಚಿತ್ರ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಹಾಗಾಗಿ ಪೊಲೀಸರಿಗೆ ಮೊದಲ ದಿನವೇ ಹೇಳಬೇಕು.

ಗಾಡಿಯ ನಂಬರು ಇದ್ದರೆ ಎಂಪರಿವಾಹನ್ ಆಪ್‌ನಲ್ಲಿ ಆ ಗಾಡಿಯ ವಿಮೆ ಎಲ್ಲಿಯವರೆಗೆ ಇದೆ ಎಂದು ನೋಡಬಹುದು. ಓದಿದ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಇನ್ನು ಕಾಯ್ದೆಯ 160ನೇ ಕಲಮಿನ ಪ್ರಕಾರ, ಪರಿಹಾರ ಕೇಳುವವರು ನಿಗದಿತ ಶುಲ್ಕ ಕಟ್ಟಿ ಬರೆದು ಕೇಳಿದರೆ ಠಾಣಾಧಿಕಾರಿಯಾಗಲಿ ಆರ್.ಟಿ.ಓ. ಕಚೇರಿಯಾಗಲಿ ಗಾಡಿಯ ವಿವರ ಕೊಡಲೇಬೇಕು.

ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವುದು ತಪ್ಪೇ? ತಪ್ಪಲ್ಲ. ಸಣ್ಣ ನಷ್ಟಕ್ಕೆ ಅದೇ ಜಾಣತನ. ಆದರೆ ಸೈಕಲ್ ಶಾಪಿನವನು ನೋಡುವ ಮೊದಲು ಮೊತ್ತ ಒಪ್ಪಬೇಡಿ. "ಅಣ್ಣ, ಶಾಪಿಗೆ ಹೋಗೋಣ ಬನ್ನಿ, ಅವರು ಹೇಳಿದ್ದು ಕೊಡಿ" ಅನ್ನಿ. ಬರಲು ಒಪ್ಪದಿದ್ದರೆ ಆತನ ಮನಸ್ಸು ಅಲ್ಲೇ ತಿಳಿಯಿತು. ಹಣ ತೆಗೆದುಕೊಂಡರೂ 'ಮುಂದೆ ಯಾವ ತಕರಾರೂ ಇಲ್ಲ, ಪೂರ್ತಿ ಪರಿಹಾರ ಮುಟ್ಟಿದೆ' ಎಂಬ ಕಾಗದಕ್ಕೆ ಅವಸರದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಇನ್ನೂರಕ್ಕೆ ಇನ್ನೂರು ಮುಟ್ಟಿದೆ ಅಂತಷ್ಟೇ ಬರೆದುಕೊಡಿ.

ಠಾಣೆಯಲ್ಲಿ

ಗಾಯ ಇಲ್ಲದಿದ್ದರೆ ಕೆಲವೊಮ್ಮೆ "ಸೈಕಲ್ಲಿಗೆಲ್ಲಾ ಕೇಸ್ ಆಗಲ್ಲ, ಹೋಗಿ" ಎಂಬ ಮಾತು ಬರಬಹುದು. ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದ ಗಾಡಿ ಓಡಿಸುವುದೇ ಒಂದು ಅಪರಾಧ. ಮೊದಲು ಇದು ಭಾರತೀಯ ದಂಡ ಸಂಹಿತೆಯ 279ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು. ಇದಕ್ಕೆ ಪೊಲೀಸರು ಎಫ್.ಐ.ಆರ್. ದಾಖಲಿಸಬಹುದು. ಪೆಟ್ಟಾಗಿದ್ದರೆ 125ನೇ ಕಲಮೂ ಸೇರುತ್ತದೆ. ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ. ಕೆಳಗಿನ ಮಾದರಿಯನ್ನು ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಗೆ,
ಠಾಣಾಧಿಕಾರಿಗಳು,
........ ಪೊಲೀಸ್ ಠಾಣೆ.

ಮಾನ್ಯರೇ,
ನಾನು ........ ಗ್ರಾಮದ ವಾಸಿ. ದಿನಾಂಕ ........ ರಂದು ಬೆಳಗ್ಗೆ ...... ಗಂಟೆಗೆ ........ ರಸ್ತೆಯಲ್ಲಿ, ........ ಹತ್ತಿರ, ರಸ್ತೆಯ ಎಡಬದಿಯಲ್ಲಿ ನನ್ನ ಸೈಕಲ್ಲಿನಲ್ಲಿ ಹೋಗುತ್ತಿರುವಾಗ ........ ನಂಬರಿನ ವಾಹನವನ್ನು ಅದರ ಚಾಲಕ ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು ಹಿಂದಿನಿಂದ ಡಿಕ್ಕಿ ಹೊಡೆದಿರುತ್ತಾನೆ. ನನಗೆ ........ ಗಾಯವಾಗಿದೆ (ಆಗಿಲ್ಲ). ನನ್ನ ಸೈಕಲ್ಲಿನ (ಕಂಪನಿ ........, ಬಣ್ಣ ........, ಫ್ರೇಮ್ ನಂಬರು ........) ಫೋರ್ಕು, ರಿಮ್ಮು, ........ ಜಖಂಗೊಂಡಿವೆ. ಕ್ಯಾನಿನಲ್ಲಿದ್ದ ...... ಲೀಟರ್ ಹಾಲು ನಷ್ಟವಾಗಿದೆ. ಘಟನೆಯನ್ನು ........ ಮತ್ತು ........ ನೋಡಿರುತ್ತಾರೆ. ಸ್ಥಳ ಮಹಜರು ಮಾಡಿ, ಸೈಕಲ್ಲಿಗೆ ಆದ ಹಾನಿಯನ್ನು ಅದರಲ್ಲಿ ನಮೂದಿಸಿ, ಕಾನೂನು ರೀತ್ಯಾ ಕ್ರಮ ಜರುಗಿಸಬೇಕಾಗಿ ಕೋರಿಕೆ.
ಇಂತಿ ತಮ್ಮ ವಿಶ್ವಾಸಿ,
(ಸಹಿ)

ಈ ಮಾದರಿಯಲ್ಲಿ ಮುಖ್ಯವಾದ ಸಾಲು ಕೊನೆಯದ್ದು. ಮಹಜರಿನಲ್ಲಿ ಸೈಕಲ್ಲಿನ ಹೆಸರೇ ಇಲ್ಲದಿದ್ದರೆ, ಮುಂದೆ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು "ಸೈಕಲ್ ಎಲ್ಲಿತ್ತು? ತೋರಿಸಿ" ಅನ್ನುತ್ತಾರೆ. ನಮ್ಮವರು ಮಾಡುವ ದೊಡ್ಡ ತಪ್ಪು ಅದೇ ಸಂಜೆ ಸೈಕಲ್ಲನ್ನು ಶಾಪಿಗೆ ಕೊಟ್ಟು ರಿಪೇರಿ ಮಾಡಿಸಿಬಿಡುವುದು. ಮರುದಿನ ಕೆಲಸಕ್ಕೆ ಬೇಕು, ಏನು ಮಾಡೋದು ಅನ್ನಬಹುದು. ಮಹಜರು ಮುಗಿಯುವವರೆಗೆ ಎರಡು ದಿನ ತಡೆಯಿರಿ. ತಡೆಯಲು ಆಗದಿದ್ದರೆ ಫೋಟೋ ತೆಗೆಸಿ, ಬದಲಿಸಿದ ರಿಮ್ಮು, ಫೋರ್ಕು, ಕಡ್ಡಿಗಳನ್ನು ಗುಜರಿಗೆ ಹಾಕದೆ ಮನೆಯ ಅಟ್ಟದಲ್ಲಿಡಿ.

ಠಾಣೆಯವರು ಸೈಕಲ್ಲನ್ನೇ ವಶಕ್ಕೆ ತೆಗೆದುಕೊಂಡರೆ ಅದು ಠಾಣೆಯ ಮುಂದೆ ಮಳೆಯಲ್ಲಿ ತುಕ್ಕು ಹಿಡಿಯುವವರೆಗೆ ಕಾಯಬೇಕಿಲ್ಲ. ಕೇಸು ಮುಗಿಯುವ ಮುಂಚೆಯೇ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಕೊಡಬಹುದು. ದೂರನ್ನೇ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಗಲೂ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ.

ಸೈಕಲ್ ನಿಮ್ಮದೇ ಎನ್ನಲು ಏನು ಸಾಕ್ಷಿ?

ಸೈಕಲ್ಲಿಗೆ ಆರ್.ಸಿ. ಪುಸ್ತಕ ಇರುವುದಿಲ್ಲ. ಕೊಂಡ ಬಿಲ್ಲು ಇದ್ದರೆ ಅದೇ ದೊಡ್ಡ ಸಾಕ್ಷಿ. ಬಿಲ್ಲು ಕಳೆದಿದ್ದರೆ ಅಂಗಡಿಯವರ ಹತ್ತಿರ ನಕಲು ಕೇಳಿ. ಪ್ರತಿ ಸೈಕಲ್ಲಿನ ಫ್ರೇಮಿನ ಮೇಲೆ ಒಂದು ನಂಬರು ಕೊರೆದಿರುತ್ತಾರೆ, ಹೆಚ್ಚಾಗಿ ಪೆಡಲ್ ಕೂರುವ ಗುಂಡು ಕೊಳವೆಯ ಕೆಳಗೆ ಅಥವಾ ಸೀಟಿನ ಕೆಳಗಿನ ಕೊಳವೆಯಲ್ಲಿ. ಸೈಕಲ್ಲನ್ನು ತಲೆಕೆಳಗು ಮಾಡಿ, ಮಣ್ಣು ಒರೆಸಿ ನೋಡಿ. ಆ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ, ಕಳವಾದಾಗಲೂ ಬೇಕಾಗುತ್ತದೆ. ಹಬ್ಬದಲ್ಲಿ ಸೈಕಲ್ಲಿನ ಜೊತೆ ತೆಗೆಸಿದ ಫೋಟೋ, ನೆರೆಯವರ ಮಾತು, ಯಾವಾಗಲೂ ರಿಪೇರಿ ಮಾಡುವ ಶಾಪಿನವನ ಮಾತು, ಇವೂ ಸಾಕ್ಷಿಯೇ. 2006-07ರಿಂದ ಹಲವು ವರ್ಷ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತಲ್ಲ, ಆ ಸೈಕಲ್ಲುಗಳು ಇನ್ನೂ ಎಷ್ಟೋ ಅಪ್ಪಂದಿರ ಕೆಳಗೆ ಓಡುತ್ತಿವೆ. ಅವಕ್ಕೆ ಬಿಲ್ಲು ಇರುವುದಿಲ್ಲ. ಶಾಲೆಯ ವಿತರಣಾ ಪಟ್ಟಿಯಲ್ಲಿ ಮಗುವಿನ ಹೆಸರು ಇದ್ದರೆ ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಕೇಳಿ.

ಎಷ್ಟು ಕೇಳಬಹುದು?

ಇಲ್ಲಿ ಆಸೆಗೂ ಜಾಗ ಇಲ್ಲ, ಸಂಕೋಚಕ್ಕೂ ಇಲ್ಲ. ಲೆಕ್ಕ ಸರಳ. ರಿಪೇರಿ ಖರ್ಚು ಸೈಕಲ್ಲಿನ ಅಂದಿನ ಬೆಲೆಗಿಂತ ಕಡಿಮೆ ಇದ್ದರೆ ರಿಪೇರಿ ಖರ್ಚು ಕೇಳಬೇಕು. ರಿಪೇರಿಯೇ ಹೆಚ್ಚಾದರೆ, ಅಪಘಾತದ ಹಿಂದಿನ ದಿನ ಆ ಸೈಕಲ್ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು, ಅದರಲ್ಲಿ ಗುಜರಿ ಬೆಲೆ ಕಳೆದು. ಹಳೆ ಸೈಕಲ್ಲಿಗೆ ಹೊಸ ಸೈಕಲ್ಲಿನ ಬೆಲೆ ಸಿಗುವುದಿಲ್ಲ.

ನಮ್ಮ ಹಾಲಿನವನ ಲೆಕ್ಕ ಮಾಡೋಣ. ಐದು ವರ್ಷದ ಹಿಂದೆ 5,500ಕ್ಕೆ ಕೊಂಡ ಸೈಕಲ್. ಅಂಥದ್ದು ಹಳೆಯದು ಈಗ 2,500ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ರಿಪೇರಿ 3,400, ಅಂದರೆ ಬೆಲೆಗಿಂತ ಹೆಚ್ಚು. ಆದ್ದರಿಂದ 2,500ರಲ್ಲಿ ಗುಜರಿಯ 300 ಕಳೆದು 2,200. ಹನ್ನೆರಡು ದಿನ ದಿನಕ್ಕೆ 60ರಂತೆ ಆಟೋ ಬಾಡಿಗೆ 720. ಚೆಲ್ಲಿದ ಹಾಲು ಹತ್ತು ಲೀಟರ್, ಲೀಟರಿಗೆ 35ರಂತೆ 350. ಒಟ್ಟು 3,270. ಕೊಟ್ಟ ಇನ್ನೂರು ಕಳೆದರೆ 3,070. ಇದಕ್ಕೆ ಪುರಾವೆ? ಸೈಕಲ್ ಶಾಪಿನವರ ಅಂದಾಜು ಪಟ್ಟಿ, ಅವರ ಸಹಿ, ದಿನಾಂಕ ಸಮೇತ. ಆಟೋದವರ ಚೀಟಿ. ಎಲ್ಲಕ್ಕಿಂತ ಗಟ್ಟಿಯಾದದ್ದು ಹಾಲಿನ ಸಂಘದ ಪಾಸ್ ಪುಸ್ತಕ. ಆ ದಿನದ ಬೆಳಗಿನ ಖಾನೆ ಖಾಲಿ ಇರುತ್ತದೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೀನು, ತರಕಾರಿ, ಹೂವು ಮಾರುವವರು ತಮ್ಮ ಕೊಳ್ಳುವ ಚೀಟಿಗಳನ್ನು ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ರಾತ್ರಿ ಹೊತ್ತು ಸೈಕಲ್ಲಿಗೆ ಲೈಟು, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ, ಅಥವಾ ರಾಂಗ್ ಸೈಡಿನಲ್ಲಿ ಬರುತ್ತಿದ್ದರೆ "ತಪ್ಪು ಇವರದ್ದೂ ಇದೆ" ಎಂಬ ವಾದ ಬರುತ್ತದೆ. ಅದು ಸಾಬೀತಾದರೆ ನಿಮ್ಮ ತಪ್ಪಿನ ಪಾಲಿನಷ್ಟು ಹಣ ಕಡಿಮೆಯಾಗುತ್ತದೆ.

ಹಣ ಕೊಡಬೇಕಾದವರು ಯಾರು?

ಗಾಡಿಯ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ. 1988ರ ಕಾಯ್ದೆ ಮೂಲದಲ್ಲಿ ಮೂರನೆಯವರ ಆಸ್ತಿಗೆ ಕಡ್ಡಾಯ ವಿಮೆಯನ್ನು 6,000 ರೂಪಾಯಿಗೆ ಮಿತಿಗೊಳಿಸಿತ್ತು. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು, ಅಂದರೆ ದ್ವಿಚಕ್ರ ವಾಹನಕ್ಕೆ 1 ಲಕ್ಷ, ಕಾರು ಲಾರಿಗಳಿಗೆ 7.5 ಲಕ್ಷದವರೆಗೆ ರಕ್ಷಣೆ ಕೊಡುವ ರೂಢಿ ಇದೆ. ಕಂತು ಉಳಿಸಲು ಮಾಲೀಕ 6,000ದ ಮಿತಿಯನ್ನೇ ಆರಿಸಿದ್ದರೆ ಅದಕ್ಕಿಂತ ಮೇಲಿನದ್ದನ್ನು ಆತ ಕೈಯಿಂದ ಕೊಡಬೇಕು. ಮಾಮೂಲಿ ಸೈಕಲ್ಲಿಗೆ ಆರು ಸಾವಿರ ದಾಟುವುದು ಅಪರೂಪ, ಗೇರಿನ ಸೈಕಲ್ಲಾದರೆ ಬೇರೆ ಮಾತು.

"ನಿಮಗೆ ಕೊಟ್ರೆ ನನ್ನ ಬೋನಸ್ ಹೋಗುತ್ತೆ" ಅಂತ ಮಾಲೀಕರು ಹೇಳುವುದುಂಟು. 'ನೋ ಕ್ಲೇಮ್ ಬೋನಸ್' ಇರುವುದು ಅವರ ಸ್ವಂತ ಗಾಡಿಯ ಹಾನಿಯ ಭಾಗಕ್ಕೆ. ಮೂರನೆಯವರ ಕ್ಲೇಮಿನಿಂದ ಅದು ಹೋಗುವುದಿಲ್ಲ. ಇದನ್ನು ಸಮಾಧಾನವಾಗಿ ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ.

ಗುದ್ದಿದ್ದು ಕೆ.ಎಸ್.ಆರ್.ಟಿ.ಸಿ. ಬಸ್ಸಾದರೆ ನಿಗಮವನ್ನೇ ಎದುರುದಾರರನ್ನಾಗಿ ಮಾಡಬೇಕು, ಅದಕ್ಕೆ ತನ್ನದೇ ಆಂತರಿಕ ವಿಮಾ ನಿಧಿ ಇದೆ. ರಾಜ್ಯ ಸರ್ಕಾರದ ಜೀಪಾದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ವಿಮೆಯೇ ಇಲ್ಲದ ಗಾಡಿಯಾದರೆ ಮಾಲೀಕನ ಮೇಲೆ ಪೂರ್ತಿ ಹೊಣೆ. ಇನ್ನೊಂದು ಸೈಕಲ್ಲೇ ಬಂದು ಗುದ್ದಿದರೆ? ಅದು ಮೋಟಾರು ವಾಹನ ಅಲ್ಲ, ಈ ಕಾಯ್ದೆ ಬರುವುದಿಲ್ಲ. ಅಂಥದ್ದಕ್ಕೆ ಊರಿನ ಹಿರಿಯರೇ ಸಾಕು.

ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ನಿಷ್ಠುರವಾಗಿ ಹೇಳಬೇಕು: ಸೈಕಲ್ಲಿಗೆ ಏನೂ ಸಿಗುವುದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಅಂಥ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ. ಆಸ್ತಿಗೆ ಇಲ್ಲ. ಅದಕ್ಕೇ ನಂಬರು, ನಂಬರು ಎಂದು ಮೇಲೆ ಅಷ್ಟು ಹೇಳಿದ್ದು.

ಎಲ್ಲಿ ಕೇಳಬೇಕು?

ಮೊದಲು ಮಾಲೀಕನಿಗೂ ವಿಮಾ ಕಂಪನಿಯ ಹತ್ತಿರದ ಶಾಖೆಗೂ ಒಂದೊಂದು ಪತ್ರ ಬರೆಯಿರಿ. ಅಪಘಾತದ ದಿನ, ಗಾಡಿ ನಂಬರು, ಎಫ್.ಐ.ಆರ್. ನಂಬರು, ನಷ್ಟದ ಪಟ್ಟಿ. ಫೋಟೋ ಮತ್ತು ಅಂದಾಜು ಪಟ್ಟಿಯ ನಕಲು ಲಗತ್ತಿಸಿ, ಮೂಲ ಪ್ರತಿ ಕೊಡಬೇಡಿ. ಮೊತ್ತ ಚಿಕ್ಕದಿದ್ದಾಗ ಎಷ್ಟೋ ಮಾಲೀಕರು ಕೋರ್ಟಿನ ಅಲೆದಾಟಕ್ಕೆ ಹೆದರಿ ಪತ್ರಕ್ಕೇ ಹಣ ಕೊಟ್ಟುಬಿಡುತ್ತಾರೆ.

ಕೊಡದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಇದಕ್ಕೆ ಬೇರೆ ಕಟ್ಟಡ ಹುಡುಕಬೇಕಿಲ್ಲ. ತಾಲೂಕಿನ ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಧೀಶರು, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದವರು ಈ ಮಂಡಳಿಯ ಕೆಲಸವನ್ನೂ ಮಾಡುತ್ತಾರೆ. ಅಪಘಾತ ಆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನ ಇಲ್ಲ, ಆ ವಿಮಾ ಕಂಪನಿಗೆ ನೀವು ಗ್ರಾಹಕರಲ್ಲ.

ಗಡುವಿನ ವಿಷಯ ಗಮನಿಸಿ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಿದೆ. ಈ ಗಡುವಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ. ಹಾಗಾಗಿ ಆರು ತಿಂಗಳು ದಾಟಿದವರು ವಕೀಲರನ್ನು ಕೇಳದೆ ಕೈಬಿಡಬೇಡಿ. ಆದರೆ ಕಾದು ನೋಡೋಣ ಅಂತ ಕೂರುವುದೂ ಬೇಡ. ಇನ್ನೊಂದು ಮಾತು, ಅಪೀಲಿನಲ್ಲಿ ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಹೈಕೋರ್ಟಿಗೆ ಅಪೀಲು ಇಲ್ಲ. ನಿಮಗೂ ಇಲ್ಲ, ಕಂಪನಿಗೂ ಇಲ್ಲ.

ಮೂರು ಸಾವಿರಕ್ಕೆ ಇಷ್ಟೆಲ್ಲಾ ಬೇಕಾ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಕೀಲರಿಗೆ ಫೀಸು ಕೊಟ್ಟು, ದಿನದ ಕೂಲಿ ಬಿಟ್ಟು ಐದಾರು ಸಲ ಕೋರ್ಟಿಗೆ ಹೋದರೆ ಬಂದದ್ದು ಹೋದದ್ದು ಸರಿಹೋಗುತ್ತದೆ. ಆದ್ದರಿಂದ ಸೈಕಲ್ ಮಾತ್ರ ಹಾಳಾದಾಗ ನಮ್ಮ ಸಲಹೆ ತಾಲೂಕು ಕಾನೂನು ಸೇವಾ ಸಮಿತಿ. ಅದರ ಕಚೇರಿ ತಾಲೂಕು ಕೋರ್ಟಿನ ಆವರಣದಲ್ಲೇ ಇರುತ್ತದೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಎದುರಿನವರಿಗೆ ನೋಟೀಸು ಕಳಿಸಿ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸುತ್ತಾರೆ. ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇದೆ. ಕೋರ್ಟಿಗೆ ಹೋಗಲೇಬೇಕಾದರೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ವರಮಾನದವರು ಇವರಿಗೆ ಸಮಿತಿಯೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಸೈಕಲ್ ಹೆಂಗಸಿನ ಹೆಸರಿನಲ್ಲಿದ್ದರೆ ವರಮಾನದ ಪ್ರಶ್ನೆಯೂ ಬರುವುದಿಲ್ಲ ಎಂಬುದನ್ನು ನೆನಪಿಡಿ.

ಗಾಯವೂ ಆಗಿದ್ದರೆ ಮಾತು ಬೇರೆ. ಆಗ ನ್ಯಾಯಮಂಡಳಿಗೇ ಹೋಗಬೇಕು, ಸೈಕಲ್ಲಿನ ಲೆಕ್ಕವನ್ನು ಅದೇ ಅರ್ಜಿಯಲ್ಲಿ ಸೇರಿಸಬೇಕು. ಆಸ್ಪತ್ರೆ ಖರ್ಚು, ನೋವು, ಕೂಲಿ ನಷ್ಟ ಎಲ್ಲಾ ಬರೆಯುವಾಗ ವಕೀಲರು ಸೈಕಲ್ಲನ್ನು ಮರೆಯುವುದುಂಟು. ಸಹಿ ಹಾಕುವ ಮುಂಚೆ "ಸಾರ್, ಸೈಕಲ್ದು ಬರೆದಿದ್ದೀರಾ?" ಅಂತ ಕೇಳಿ. ಚಿಕಿತ್ಸೆಗೆ ಕೈಯಲ್ಲಿ ಕಾಸಿಲ್ಲ ಎಂದು ಹೆದರಬೇಡಿ. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆ ಬಂದಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ ಒಬ್ಬರಿಗೆ ಒಂದೂವರೆ ಲಕ್ಷದವರೆಗೆ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಮನೆಯ ಸೈಕಲ್ಲಿನ ಫ್ರೇಮ್ ನಂಬರು ಬರೆದುಕೊಂಡು ಬನ್ನಿ. ಕಾರ್ಯದರ್ಶಿಯವರು ಅವನ್ನು ಸಂಘದ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದು, ದಿನಾಂಕ ಹಾಕಲಿ.